ಹಸೆಗೋಡೆಯ ಎಡಭಾಗ

ಮಗಳ ಮದುವೆಗೆ ಹನ್ನೆರಡು ದಿನ ಉಳಿದಿರುವಾಗ, ಊಟಕ್ಕೆ ಕುಳಿತ ನೆಂಟರ ಎದುರು ನಾನೊಂದು ಮಾತು ಆಡಿಬಿಟ್ಟೆ.

"ಹಸೆ ನಾನೇ ಬರೀತೆ."

ನಾನು ಹುಟ್ಟಿದಾಗಿನಿಂದ ಹಸೆ ನೋಡಿದ್ದೇನೆಯೇ ಹೊರತು ಒಂದು ಎಳೆಯನ್ನೂ ಎಳೆದವನಲ್ಲ. ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಅದರಿಂದ ಎಷ್ಟು ಹಾಳಾಗಿದ್ದೇನೆ ಎಂದು ನನ್ನ ಹೆಂಡತಿಯನ್ನು ಕೇಳಿದರೆ ಒಂದು ಮಧ್ಯಾಹ್ನ ಪೂರ್ತಿ ಹೇಳುತ್ತಾಳೆ.

ನಮ್ಮ ಜನರಲ್ಲಿ ಮದುವೆಯ ಮನೆಯೆಂದರೆ ಗೋಡೆಯ ಮೇಲೆ ಹಸೆ ಇರಬೇಕು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚೌಕದೊಳಗೆ ಚೌಕವಾಗಿ ಚಿತ್ತಾರ. ಎಳೆಯ ಪಕ್ಕದಲ್ಲಿ ಎಳೆ, ನೂರಾರು ಎಳೆ. ಎಡಗಡೆ ಹೇಗಿದೆಯೋ ಬಲಗಡೆಯೂ ಹಾಗೇ ಇರಬೇಕು. ಗಂಡು ಹೆಣ್ಣನ್ನು ಅದರ ಮುಂದೆ ಕೂರಿಸುತ್ತಾರೆ. ಬರೆಯುವವರು ಹೆಂಗಸರು. ನಮ್ಮ ಮನೆಯಲ್ಲಿ ಅಮ್ಮ ಬರೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಮದುವೆಯೇ ಆಗಿರಲಿಲ್ಲ, ಹಾಗಾಗಿ ಹಸೆಯ ವಿಚಾರವೂ ಬಂದಿರಲಿಲ್ಲ.

ನಾನು ಬೋರ್ಡ್ ಬರೆಯುವವನು. ಬರೆಯುತ್ತಿದ್ದವನು ಎನ್ನಬೇಕು. ಕೋಲಸಿರ್ಸಿಯಿಂದ ದಿನಾ ಸಿದ್ದಾಪುರ ಪೇಟೆಗೆ ಹೋಗಿ ಸೈಕಲ್ ಅಂಗಡಿ, ಅಕ್ಕಿ ಗಿರಣಿ, ಶಾಲೆಯ ಗೋಡೆ, ಲಾರಿಯ ಬೆನ್ನು, ಎಲ್ಲದರ ಮೇಲೂ ಬರೆದಿದ್ದೇನೆ. ಶಿರಸಿಯಿಂದ ಕರೆ ಬರುತ್ತಿತ್ತು. ಒಮ್ಮೆ ಉಮ್ಮಚಗಿಯಲ್ಲಿ ಒಂದು ಹೋಟೆಲಿನ ಬೋರ್ಡು ಬರೆಯಲು ಹೋದವನು, ಅಕ್ಷರ ಒಣಗುವ ತನಕ ಅವರದೇ ಅವಲಕ್ಕಿ ತಿನ್ನುತ್ತ ಎರಡು ದಿನ ಉಳಿದಿದ್ದೆ. ಆಮೇಲೆ ಫ್ಲೆಕ್ಸ್ ಬಂತು. ಮೊದಲ ವರ್ಷ ಅದಕ್ಕೆ ಹಿಡಿಶಾಪ ಹಾಕಿದೆ. ಎರಡನೆಯ ವರ್ಷ ನಾನೇ ಒಂದು ಕಂಪ್ಯೂಟರ್ ತಂದು ಇಟ್ಟೆ. ಈಗ ಹುಟ್ಟುಹಬ್ಬ, ಸ್ವಾಗತ, ಶ್ರದ್ಧಾಂಜಲಿ ಎಲ್ಲವೂ ಪರದೆಯ ಮೇಲೆಯೇ. ಫೈಲ್ ಶಿರಸಿಗೆ ಕಳಿಸಿದರೆ ಸಂಜೆಯ ಬಸ್ಸಿಗೆ ಸುರುಳಿ ಬಂದು ಬೀಳುತ್ತದೆ. ಒಮ್ಮೆ ಒಬ್ಬ ಹಿರಿಯರ ಶ್ರದ್ಧಾಂಜಲಿಯ ಮೂಲೆಯಲ್ಲಿ ಹಿಂದಿನ ಹುಟ್ಟುಹಬ್ಬದ ಬಲೂನು ಉಳಿದುಹೋಗಿ, ಅವರ ಮಕ್ಕಳ ಕೈಯಲ್ಲಿ ಬೈಸಿಕೊಂಡದ್ದೂ ಇದೆ.

ಮಗಳು ಶಿರಸಿಯಲ್ಲಿ ನರ್ಸ್. ಮದುವೆ ನಿಶ್ಚಯವಾದಾಗ ಅವಳೇ ಹೇಳಿದಳು. "ಅಪ್ಪ, ಹಸೆ ಬರೆಯೋರನ್ನ ಹುಡ್ಕದು ಎಂತಕ್ಕೆ? ನಿನ್ನ ಮದುವೆ ಫೋಟೋದಲ್ಲಿ ಅಜ್ಜಿ ಬರೆದ ಹಸೆ ಐತಲ. ನಿನ್ನ ಅಂಗಡೀಲೇ ಪ್ರಿಂಟ್ ಹಾಕ್ಸು. ಗೋಡೇನೂ ಹಾಳಾಗದಿಲ್ಲ." ಮಾತು ಸರಿಯಾಗಿಯೇ ಇತ್ತು. ಫೋಟೋ ದೊಡ್ಡದು ಮಾಡಿ ಕಳಿಸಿದೆ. ಸುರುಳಿ ಬಂದ ದಿನ ಮನೆಯಲ್ಲಿ ನೆಂಟರಿದ್ದರು. ಎಲ್ಲರ ಎದುರು ಬಿಡಿಸಿ ಹಿಡಿದೆ. ಅಮ್ಮನ ಎಳೆಗಳೆಲ್ಲ ಚುಕ್ಕಿ ಚುಕ್ಕಿಯಾಗಿ ಮಸುಕಾಗಿದ್ದವು. ಅದಾದರೂ ತಡೆದುಕೊಳ್ಳಬಹುದಿತ್ತು. ಕೆಳಗಿನ ಮೂಲೆಯಲ್ಲಿ, ಎಲ್ಲ ಬ್ಯಾನರಿನಲ್ಲೂ ತಾನಾಗಿ ಬಂದು ಕೂರುವ ಹಾಗೆ, ನನ್ನ ಅಂಗಡಿಯ ಹೆಸರು ಮತ್ತು ಮೊಬೈಲ್ ನಂಬರು ಬಂದು ಕೂತಿತ್ತು.

"ನಂಬರ್ ಹಾಕಿದ್ದು ಚೊಲೋ ಆತು," ಎಂದಳು ಹೆಂಡತಿ. "ಗಂಡಿನ ಕಡೆಯೋರಿಗೆ ಎಂತಾರೂ ತಕರಾರಿದ್ರೆ ಫೋನ್ ಮಾಡ್ಲಕ್ಕು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಗಬೇಕಿತ್ತು. ಆದರೆ ಅಮ್ಮನ ಹಸೆಯ ಕೆಳಗೆ ನನ್ನ ನಂಬರು ನೋಡಿ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಊಟಕ್ಕೆ ಕುಳಿತೆ, ಆ ಸಿಟ್ಟಿನಲ್ಲಿಯೇ ಆ ಮಾತು ಹೊರಬಿತ್ತು. ಮದುವೆಯ ಸೀರೆ, ಒಡವೆ, ಚಪ್ಪರ, ಅಡುಗೆ ಎಲ್ಲವೂ ಅಂಗಡಿಯಿಂದ, ಬೇರೆಯವರಿಂದ ಬರುವಂಥವು. ಹೋಗುವ ಮಗಳ ಬೆನ್ನ ಹಿಂದೆ ನನ್ನ ಕೈಯಿಂದ ಆದದ್ದು ಒಂದಾದರೂ ಇರಲೇಬೇಕು ಎಂದು ಆಗಲೇ ನಿಶ್ಚಯಿಸಿದೆ.

ಮರುದಿನ ಬೆಳಿಗ್ಗೆಯೇ ಗೋಡೆಗೆ ಕೈ ಹಾಕಿದೆ. ನಮ್ಮದು ಸಿಮೆಂಟಿನ ಮನೆ. ಪಡಸಾಲೆಯ ಗೋಡೆಗೆ ತಿಳಿಹಸಿರು ಪೇಂಟ್ ಹೊಡೆದಿತ್ತು, ಅದರ ಮೇಲೆ ಮಣ್ಣು ನಿಲ್ಲುವುದಿಲ್ಲ. ಒಂದಾಳು ಎತ್ತರ, ಅಷ್ಟೇ ಅಗಲಕ್ಕೆ ಪೇಂಟನ್ನು ಕೆರೆದು ತೆಗೆದೆ. ಗದ್ದೆಯಂಚಿನಿಂದ ಕೆಮ್ಮಣ್ಣು ತಂದು ಜರಡಿ ಹಿಡಿದು, ಸಗಣಿ ಸೇರಿಸಿ, ಎರಡು ಸಲ ಬಳಿದೆ. ಇಷ್ಟರ ಮಟ್ಟಿಗೆ ನನಗೆ ಹೆದರಿಕೆಯಿರಲಿಲ್ಲ, ಬೋರ್ಡಿನವನಿಗೆ ತಳ ಹದ ಮಾಡುವುದು ಗೊತ್ತು. ಗೋಡೆ ಒಣಗುವ ತನಕ ಶಾಲೆಯ ಮಕ್ಕಳ ಗ್ರಾಫ್ ಹಾಳೆಯ ಮೇಲೆ, ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು, ಸ್ಕೇಲು ಪೆನ್ಸಿಲು ಹಿಡಿದು ಅಮ್ಮನ ಹಸೆಯನ್ನು ಎಣಿಸಿ ಎಣಿಸಿ ಇಳಿಸಿದೆ.

ಆಮೇಲೆ ಅಕ್ಕಿ ಅರೆಸಿದೆ. ಅರೆದ ಬಿಳಿಗೆ, ಯಾರಿಗೂ ಹೇಳದೆ, ಬಡಗಿಗಳು ಬಳಸುವ ಬಿಳಿ ಅಂಟನ್ನು ಒಂದು ಲೋಟ ಬೆರೆಸಿದೆ. ಬರೆದದ್ದು ಉದುರಿತೆಂದರೆ ಬೋರ್ಡಿನವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹತ್ತು ಮಳೆಗಾಲ ತಡೆಯುತ್ತದೆ ಎಂದು ಬಾಯಿಮಾತಿನ ಗ್ಯಾರಂಟಿ ಕೊಟ್ಟು ಬದುಕಿದವನು ನಾನು. ಬರೀ ಅಕ್ಕಿಹಿಟ್ಟು ನಂಬಿಕೊಂಡು ಗೋಡೆ ಬರೆಯಲು ನನ್ನ ಕೈ ಒಪ್ಪಲಿಲ್ಲ.

ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೋಡೆಗೆ ಹೊಡೆದು ಗುರುತು ಮಾಡಿಕೊಂಡೆ. ಬೋರ್ಡು ಬರೆಯುವಾಗ ಮಣಿಕಟ್ಟು ಆನಿಸಿಕೊಳ್ಳುತ್ತಿದ್ದ ಹಳೆಯ ಕೋಲನ್ನು ಹುಡುಕಿ ತೆಗೆದೆ. ಚಪ್ಪಟೆ ಬ್ರಷ್ಷಿನಲ್ಲಿ ತುಂಡು ತುಂಡಾಗಿ ಗೆರೆ ಎಳೆದು, ಆ ತುಂಡುಗಳನ್ನು ಜೋಡಿಸಿ, ಅಂಚು ತಿದ್ದಿ, ಮೂರು ದಿನದಲ್ಲಿ ಚೌಕಟ್ಟು ಮತ್ತು ಅರ್ಧ ಚಿತ್ತಾರ ಮುಗಿಸಿದೆ. ನನಗಂತೂ ಬಹಳ ಖುಷಿ. ಹೆಂಡತಿ ಹಾದುಹೋಗುವಾಗ ಒಂದು ಗಳಿಗೆ ನಿಂತಳು.

"ಎಂತಾತು?" ಎಂದು ಕೇಳಿದೆ.

"ಗೀರು ಸಮಾ ಐತೆ," ಎಂದಳು. "ಶಾಲೆ ಮಕ್ಕಳ ಕಾಪಿ ಪುಸ್ತಕದಂಗೆ."

ನನಗೆ ಉರಿದುಹೋಯಿತು. ಹೊಟ್ಟೆಕಿಚ್ಚು ಎಂದುಕೊಂಡೆ. ಊಟ ಮಾಡಿ ಒಂದು ಗಳಿಗೆ ಅಡ್ಡಾದೆ. ಬೇಸಗೆಯ ಸೆಕೆ, ಪಡಸಾಲೆಯ ಕಿಟಕಿಯಿಂದ ಬಿಸಿಗಾಳಿ. ಎದ್ದು ಬಂದು ನೋಡುತ್ತೇನೆ, ಗೋಡೆಯಿಂದ ಚಟ್ ಚಟ್ ಎಂದು ಸಣ್ಣ ಸದ್ದು. ನನ್ನ ಎಳೆಗಳು ಒಂದೊಂದಾಗಿ ಹಪ್ಪಳದ ಹಾಗೆ ಮುರುಟಿಕೊಂಡು ಮೇಲೇಳುತ್ತಿದ್ದವು. ಎದ್ದ ಎಳೆಯ ಬೆನ್ನಿಗೆ ಕೆಮ್ಮಣ್ಣಿನ ಪದರವೂ ಅಂಟಿಕೊಂಡು ಬರುತ್ತಿತ್ತು. ನಾನು ನೋಡನೋಡುತ್ತ ಮೂರು ದಿನದ ಕೆಲಸ ನೆಲಕ್ಕೆ ಬಿತ್ತು. ಗೋಡೆಯಲ್ಲಿ ಸಿಮೆಂಟು ಕಾಣತೊಡಗಿತು.

ಚಪ್ಪರದ ಕೆಲಸಕ್ಕೆ ಬಂದಿದ್ದ ಹೆಂಡತಿಯ ಅಣ್ಣ ಓಡಿ ಬಂದು ನೋಡಿದ. ಒಳ್ಳೆಯ ಮನುಷ್ಯ, ಆದರೆ ಯಾವಾಗ ಸುಮ್ಮನಿರಬೇಕೆಂದು ತಿಳಿಯದು. "ಆತು ಬಿಡಿ ಭಾವ," ಎಂದ. "ಆ ಫ್ಲೆಕ್ಸೇ ಕಟ್ಟಣ. ನಂಬರಿನ ಮೇಲೆ ಒಂದು ಮಾವಿನೆಲೆ ತೋರಣ ಇಳಿಬಿಟ್ರೆ ಯಾರಿಗೂ ಕಾಣದಿಲ್ಲ." ಮಗಳು ಒಳಗೆ ಹೋಗಿ ಸುರುಳಿ ತಂದು ಗೋಡೆಗೆ ಆನಿಸಿ ಇಟ್ಟಳು. ಆಮೇಲೆ ನನ್ನ ಹತ್ತಿರ ಬಂದು, "ಅಪ್ಪ, ನಂಗೆಂತ ಬೇಜಾರಿಲ್ಲ," ಎಂದಳು.

ಅವಳು ಬೇಜಾರು ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಇಲ್ಲ ಎಂದದ್ದಕ್ಕೆ ನನಗೆ ಅಳು ಬಂತು. ಅಳಲಿಲ್ಲ. ಮದುವೆಗೆ ಇನ್ನು ಐದು ದಿನ. ಸುರುಳಿಯನ್ನು ಎತ್ತಿ ಅಡುಗೆ ಚಪ್ಪರಕ್ಕೆ ಬಿಸಿಲು ಬೀಳುವ ಕಡೆ ಕಟ್ಟಲು ಹೆಂಡತಿಯ ಅಣ್ಣನ ಕೈಗೆ ಕೊಟ್ಟು, ಗೋಡೆ ಕೆರೆಯಲು ನಿಂತೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ಬಿದ್ದಿದ್ದ ಒಂದು ಚೂರನ್ನು ಎತ್ತಿಕೊಂಡು ಬಗ್ಗಿಸಿ ನೋಡಿದಳು. "ಅಂಟು ಹಾಕಿದ್ರಾ?"

ಹೂಂ ಎಂದೆ.

"ಕೆಳಗಿನ ಮಣ್ಣಿಗಿಂತ ಮೇಲಿನ ಬಿಳಿ ಗಟ್ಟಿ ಆದ್ರೆ ಎಳ್ಕಂಡೇ ಬರ್ತದೆ. ಅಷ್ಟೂ ಗೊತ್ತಿಲ್ಲನಾ?"

"ನಿಂಗೆ ಹೇಗೆ ಗೊತ್ತು?"

"ಪ್ರತಿ ವರ್ಷ ಬುಟ್ಟಿ ಬರೆಯೋರು ಯಾರು ಮಾರಾಯ್ರೆ ಈ ಮನೇಲಿ?"

ಭೂಮಿ ಹುಣ್ಣಿಮೆಗೆ ನಾವು ಗದ್ದೆಗೆ ಎಡೆ ಒಯ್ಯುವುದು ಒಂದು ಬಿದಿರಿನ ಬುಟ್ಟಿಯಲ್ಲಿ. ಹಬ್ಬಕ್ಕೆ ಮೊದಲು ಅದಕ್ಕೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಮದುವೆಯಾದಾಗಿನಿಂದ ಅವಳು ಬರೆದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೋದವನು ನಾನೇ. ಒಮ್ಮೆಯೂ ಅದನ್ನು ನೋಡಿರಲಿಲ್ಲ. ಈ ಮನೆಯಲ್ಲಿ ಕುಂಚ ಹಿಡಿಯುವವನು ನಾನೊಬ್ಬನೇ ಎಂದು ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೆ.

ಅಟ್ಟ ಹತ್ತಿ ಹೋದ ವರ್ಷದ ಬುಟ್ಟಿ ಇಳಿಸಿದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬಿದಿರಿನ ಸೀಳು ಉಬ್ಬಿದಲ್ಲಿ ಎಳೆ ಉಬ್ಬಿ, ತಗ್ಗಿದಲ್ಲಿ ತಗ್ಗಿ, ಬುಟ್ಟಿಯನ್ನು ಸುತ್ತಿ ಬಂದು ಹೊರಟ ಜಾಗವನ್ನು ಸೇರಿತ್ತು. ಸ್ಕೇಲಿನ ಗೆರೆಯಷ್ಟು ನೇರವಿರಲಿಲ್ಲ. ಆದರೆ ಎಲ್ಲಿಯೂ ಅನುಮಾನವಿರಲಿಲ್ಲ. ಎಲ್ಲಿ ಕುಂಚ ಎತ್ತಿದ್ದಾಳೆ ಎಂದು ಹುಡುಕಿದೆ, ಸಿಗಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

"ನೀನೇ ಬರೆದುಬಿಡು," ಎಂದೆ.

"ಮಾತಾಡ್ದೋರು ಯಾರು? ನಂಗೆ ನೂರು ಕೆಲಸ ಐತೆ," ಎಂದಳು. ಅದು ಮುನಿಸಲ್ಲ, ಅವಳ ಹಿಂದೆ ಹಲಸಿನಕಾಯಿಯ ರಾಶಿಯೇ ಬಿದ್ದಿತ್ತು. ಆದರೂ ಹತ್ತು ನಿಮಿಷ ಕುಳಿತು, ಪುಂಡಿ ಗಿಡದ ನಾರನ್ನು ಬೆರಳುದ್ದ ಕತ್ತರಿಸಿ, ತುದಿ ಜಜ್ಜಿ, ನನಗೊಂದು ಕುಂಚ ಕಟ್ಟಿಕೊಟ್ಟಳು. ಬ್ರಷ್ಷು, ಸ್ಕೇಲು, ಕೋಲು, ಅಂಟು ನಾಲ್ಕನ್ನೂ ಎತ್ತಿ ಕೊಟ್ಟಿಗೆಯ ಮಾಡಿನ ಮೇಲೆ ಇಟ್ಟು ಬಂದಳು.

ಆ ಸಂಜೆ ಗೋಡೆಗೆ ಹೊಸ ಮಣ್ಣು ಬಳಿದೆ. ಅದು ಒಣಗುವ ತನಕ ಅಂಗಳದ ಸಿಮೆಂಟಿನ ಮೇಲೆ ಬರೀ ನೀರಿನಲ್ಲಿ ಎಳೆ ಎಳೆಯುವಂತೆ ಅವಳೇ ಹೇಳಿದಳು. ಮೊಣಕಾಲೂರಿ ಎಳೆಯತೊಡಗಿದೆ. ನಾಲ್ಕನೆಯ ಎಳೆ ಎಳೆಯುವಷ್ಟರಲ್ಲಿ ಮೊದಲನೆಯದು ಆರಿಹೋಗುತ್ತಿತ್ತು. ತಪ್ಪಿದ್ದರೂ ಗುರುತಿಲ್ಲ, ಸರಿಯಾದರೂ ಗುರುತಿಲ್ಲ. ಅವಳು ಜಗುಲಿಯಲ್ಲಿ ಹಲಸಿನಕಾಯಿ ಹೆಚ್ಚುತ್ತ, ಕೈಗೆ ಮೇಣ ಅಂಟದಂತೆ ಎಣ್ಣೆ ಸವರಿಕೊಳ್ಳುತ್ತ, ತಲೆಯೆತ್ತದೆ ಕೂಗುತ್ತಿದ್ದಳು.

"ಮಣಿಕಟ್ಟಲ್ಲ, ಭುಜ! ಭುಜದಿಂದ ಬರ್ಲಿ!"

"ಕುಂಚ ಎಂತ ನೋಡ್ತ್ರಿ? ಅದು ಹೋಗೋ ಜಾಗ ನೋಡಿ!"

ಅಂಗಳ ದಾಟಿ ಹೋಗುವವರು ನಿಂತು ನೋಡಿ, ಮಗಳ ಮದುವೆಯ ತಲೆಬಿಸಿಗೆ ಇವನಿಗೆ ಏನೋ ಆಗಿದೆ ಎಂಬ ಮುಖ ಮಾಡಿಕೊಂಡು ಹೋದರು. ನಾನು ಏಳಲಿಲ್ಲ. ಎರಡು ಕೊಡ ನೀರು ಖಾಲಿಯಾಯಿತು. ಮರುದಿನ ಬೆಳಿಗ್ಗೆಯೂ ಮತ್ತೆರಡು ಕೊಡ.

ಮದುವೆಗೆ ಮೂರು ದಿನವಿರುವಾಗ ಗೋಡೆಯ ಎಡಗಡೆಯಿಂದ ಶುರು ಮಾಡಿದೆ. ನೀರಿಗೂ ಅಕ್ಕಿಗೂ ಬಹಳ ವ್ಯತ್ಯಾಸ. ತೆಳುವಾದರೆ ಸುರಿಯುತ್ತದೆ, ದಪ್ಪವಾದರೆ ನಡುವೆಯೇ ಕಡಿದು ಹೋಗುತ್ತದೆ. ಒಮ್ಮೆ ಅದ್ದಿದ ಕುಂಚದಲ್ಲಿ ಒಂದು ಎಳೆ ಮುಗಿಯಬೇಕು. ನನ್ನ ಕೈಗೆ ಅಕ್ಷರದ ಚಟ. ಸ್ವಲ್ಪ ದೂರ ಹೋದ ಕೂಡಲೇ ಎಲ್ಲಿಯೋ ತಿರುಗಬೇಕು, ಸುತ್ತಬೇಕು, ನಿಲ್ಲಬೇಕು ಎನ್ನುತ್ತಿತ್ತು. ಮೊದಲ ದಿನದ ಎಳೆಗಳು ಕುಡಿದವನ ನಡಿಗೆಯ ಹಾಗಿದ್ದವು. ಅಳಿಸಲು ಬಟ್ಟೆ ಒದ್ದೆ ಮಾಡಿಕೊಂಡೆ. ಹೆಂಡತಿ ಬಟ್ಟೆ ಕಿತ್ತುಕೊಂಡು ಹೋದಳು. "ಅಳಿಸ್ತಾ ಕೂತ್ರೆ ಮದುವೆ ಮುಗ್ದು ಮೊಮ್ಮಗು ಬರ್ತದೆ. ಮುಂದೆ ಬರೀರಿ."

ಮುಂದೆ ಬರೆದೆ. ಸರಿಯಿಲ್ಲ ಎಂದು ಗೊತ್ತಿದ್ದೂ ಪಕ್ಕದ ಎಳೆ ಎಳೆಯುವುದಿದೆಯಲ್ಲ, ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ಬೋರ್ಡಿನಲ್ಲಿ ತಪ್ಪಿದರೆ ಟರ್ಪೆಂಟೈನಿನಲ್ಲಿ ಒರೆಸಿ ಮತ್ತೆ ಬರೆಯಬಹುದಿತ್ತು. ಇಲ್ಲಿ ತಪ್ಪು ಕಣ್ಣೆದುರೇ ಕೂತು ನನ್ನನ್ನು ನೋಡುತ್ತಿತ್ತು. ಭುಜ ನೋಯುತ್ತಿತ್ತು, ಬೆರಳ ಸಂದಿಯಲ್ಲಿ ಅಕ್ಕಿಹಿಟ್ಟು ಒಣಗಿ ಚರ್ಮ ಬಿಗಿಯುತ್ತಿತ್ತು. ಬಿಡುವುದಿಲ್ಲ ಎಂದು ಗೋಡೆಗೇ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಒಳಗಿದ್ದವರು ನಕ್ಕದ್ದು ಕೇಳಿಸಿತು.

ಎರಡನೆಯ ದಿನ ಮಧ್ಯಾಹ್ನ, ನಡುವಿನ ಚೌಕ ದಾಟಿದ ಮೇಲೆ ಏನೋ ಆಯಿತು. ಏನಾಯಿತೆಂದು ಈಗಲೂ ಸರಿಯಾಗಿ ಹೇಳಲಾರೆ. ಕುಂಚ ಅದ್ದಿದೆ, ಮೇಲೆ ಇಟ್ಟೆ, ಕೆಳಗೆ ಎಲ್ಲಿ ಮುಟ್ಟಬೇಕೋ ಅಲ್ಲಿ ಕಣ್ಣಿಟ್ಟೆ. ಎಳೆ ಬಂತು. ನಾನು ಎಳೆದೆ ಎಂದು ಅನಿಸಲಿಲ್ಲ. ಇನ್ನೊಂದು ಎಳೆದೆ, ಅದೂ ಬಂತು. ಭುಜದ ನೋವು ಮರೆತುಹೋಯಿತು. ಗ್ರಾಫ್ ಹಾಳೆ ಎಲ್ಲಿಟ್ಟಿದ್ದೇನೆಂದೂ ಗೊತ್ತಾಗಲಿಲ್ಲ, ಅದು ಬೇಕೆಂದೂ ಅನಿಸಲಿಲ್ಲ. ಎಡಗಡೆಯದನ್ನು ನೋಡಿಕೊಂಡು ಬಲಗಡೆಗೆ ತಿರುವಿ ಬರೆಯುತ್ತ ಹೋದೆ.

ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಹಿಂದಿನಿಂದ ಮಗಳ ಧ್ವನಿ ಬಂತು. ಕೈತುಂಬ ಮೆಹಂದಿ ಹಚ್ಚಿಕೊಂಡು ಎರಡೂ ಕೈ ಗಾಳಿಯಲ್ಲಿ ಹಿಡಿದಿದ್ದಳು.

"ಅಪ್ಪ, ನಾಲಿಗೆ."

ನನ್ನ ನಾಲಿಗೆ ಬಾಯಿಯ ಮೂಲೆಯಿಂದ ಹೊರಗೆ ಬಂದಿತ್ತು. ಬೋರ್ಡು ಬರೆಯುವಾಗ ಹಾಗಾಗುತ್ತಿತ್ತು. ಅವಳು ಸಣ್ಣವಳಿದ್ದಾಗ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಅದನ್ನೇ ಅಣಕಿಸುತ್ತಿದ್ದಳು. ಕಂಪ್ಯೂಟರ್ ಬಂದ ಮೇಲೆ ಒಮ್ಮೆಯೂ ಹಾಗಾಗಿರಲಿಲ್ಲವಂತೆ. ಅವಳು ಅದನ್ನು ಗಮನಿಸಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅವಳು ಅಲ್ಲೇ ನೆಲದಲ್ಲಿ ಕುಳಿತಳು. ಮೆಹಂದಿ ಒಣಗುವ ತನಕ ನಾನು ಬರೆಯುತ್ತಿದ್ದೆ, ಅವಳು ನೋಡುತ್ತಿದ್ದಳು.

ಮದುವೆಯ ಹಿಂದಿನ ದಿನ ಸಂಜೆಯ ಹೊತ್ತಿಗೆ ಹಸೆ ಮುಗಿಯಿತು. ಅಕ್ಕಿ ಸುಟ್ಟು ಅರೆದ ಕಪ್ಪನ್ನು ಅಲ್ಲಲ್ಲಿ ತುಂಬಿ ಕುಂಚ ಕೆಳಗಿಟ್ಟೆ. ಗೋಡೆ ಸದ್ದು ಮಾಡಲಿಲ್ಲ.

ಮದುವೆಯ ದಿನ ಇಬ್ಬರನ್ನೂ ಅದರ ಮುಂದೆ ಕೂರಿಸಿದರು. ಮಗಳ ಬೆನ್ನ ಹಿಂದೆ ನನ್ನ ಎಳೆಗಳನ್ನು ನೋಡಿದಾಗ ಹೆಗಲ ಮೇಲಿನ ಶಾಲಿನಿಂದ ಮುಖ ಒರೆಸಿಕೊಂಡೆ. ಶಾಸ್ತ್ರ ಮುಗಿದು ಜನ ಊಟಕ್ಕೆ ಎದ್ದ ಮೇಲೆ ಗಂಡಿನ ಕಡೆಯ ಒಬ್ಬ ಅಜ್ಜಿ ಮಾತ್ರ ಗೋಡೆಯ ಹತ್ತಿರ ಉಳಿದರು. ಅವರ ಊರಿನಲ್ಲಿ ಹಸೆಯೆಂದರೆ ಇವರ ಕೈಯೇ ಎಂದು ಅಷ್ಟರಲ್ಲಿ ಯಾರೋ ನನ್ನ ಕಿವಿಯಲ್ಲಿ ಹೇಳಿಯಾಗಿತ್ತು. ಅಜ್ಜಿ ಬಾಗಿ, ಮೂಗು ಮುಟ್ಟುವಷ್ಟು ಹತ್ತಿರದಿಂದ, ಎಡಗಡೆಯಿಂದ ಬಲಗಡೆಗೆ ಒಂದೊಂದೇ ಎಳೆ ನೋಡುತ್ತ ಸರಿದರು. ನಾನೂ ಅವರ ಹಿಂದೆಯೇ ಸರಿದೆ.

"ಇಲ್ಲಿ ಎರಡು ಕೈ ಐತೆ," ಎಂದರು ಕೊನೆಗೆ. "ಈ ಎಡಗಡೆಯದು ಯಾರೋ ಕಲಿಯೋರು ಬರೆದದ್ದು. ನಡುವಿಂದ ಈಚೆ ಬರೆದೋಳು ಗೊತ್ತಿದ್ದೋಳು. ಯಾರವಳು? ಕರೀರಿ ನೋಡಣ."

ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಗು ತಡೆಯುತ್ತಿದ್ದಳು.

"ಎರಡೂ ನಂದೇ ಅಜ್ಜಿ," ಎಂದೆ.

ಅವರು ನಂಬಲಿಲ್ಲ. ನನ್ನ ಬಲಗೈ ಹಿಡಿದು ತಿರುಗಿಸಿ, ಬೆರಳ ಸಂದಿ ನೋಡಿದರು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಬುಡದಲ್ಲಿ ಬಿಳಿ ಉಳಿದಿತ್ತು. ಗಂಡಸು ಬರೆದದ್ದಕ್ಕೆ ಬೆನ್ನು ತಟ್ಟುತ್ತಾರೇನೋ ಎಂದು ಕಾದೆ.

"ಹಂಗಾದ್ರೆ ಎಡಗಡೆಯದನ್ನ ಅಳಿಸಿ ಇನ್ನೊಂದು ಸಲ ಬರಿ ತಮ್ಮ," ಎಂದು ಊಟಕ್ಕೆ ಹೋದರು.

ಹೊಸ ಜೋಡಿ ಮೊದಲ ಸಲ ತವರಿಗೆ ಬಂದು ಹೋಗುವ ತನಕ ಹಸೆ ಮುಟ್ಟಬೇಡಿ ಎಂದು ಹೆಂಡತಿ ಅಪ್ಪಣೆ ಮಾಡಿದಳು. ಕಾದೆ. ಅವರು ಬಂದು, ಎರಡು ದಿನ ಇದ್ದು ಹೋದರು. ಹೋದ ಮರುದಿನ ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ, ಎಡಗಡೆಯನ್ನು ನಡುವಿನ ತನಕ ಒರೆಸಿ, ಮಣ್ಣು ಬಳಿದೆ.

"ಮದುವೆ ಮುಗ್ದ ಮೇಲೆ ಯಾರು ನೋಡಕೆ?" ಎಂದು ಹೆಂಡತಿ ಕೇಳಿದಳು. ಅಕ್ಕಿ ಅರೆದುಕೊಡು ಎಂದೆ. ಬೈಯುತ್ತಲೇ ಅರೆದುಕೊಟ್ಟಳು.

ಎರಡು ದಿನ ಬರೆದೆ. ಎಳೆ ಕರೆದಲ್ಲಿಗೆ ಬಂತು. ಎಡಗಡೆ ಮುಗಿದ ಮೇಲೆ ಹಿಂದೆ ಹಿಂದೆ ನಡೆದು, ಬಾಗಿಲ ಹತ್ತಿರ ನಿಂತು ಇಡೀ ಗೋಡೆ ನೋಡಿದೆ. ಹೆಂಡತಿಯೂ ಬಂದು ಪಕ್ಕದಲ್ಲಿ ನಿಂತಳು. ಅವಳಿಗೂ ಕಂಡಿತೆಂದು ಅವಳ ಮುಖವೇ ಹೇಳಿತು. ಎಡಗಡೆಯ ಎದುರು ಈಗ ಬಲಗಡೆ ಕಲಿಯುವವರು ಬರೆದ ಹಾಗಿತ್ತು.

"ಬೇಡ," ಎಂದಳು ಅವಳು.

ನಾನು ಬಟ್ಟೆ ಒದ್ದೆ ಮಾಡಿಕೊಂಡು ಬಲಗಡೆಗೆ ಹೋದೆ.